ವಿರಾಮವೆಂಬ ಋಣ

ಒಂದು ಸಣ್ಣ ಪ್ರಶ್ನೆಯಿಂದ ಆರಂಭಿಸುತ್ತೇನೆ. ಯಾವ ಕೆಲಸವೂ ಇಲ್ಲದೆ, ಹರಕೆಯನ್ನಾಗಲೀ ವ್ಯವಹಾರವನ್ನಾಗಲೀ ನೆಪ ಮಾಡಿಕೊಳ್ಳದೆ, ನೀವು ಒಂದು ಇಡೀ ದಿನವನ್ನು ಸುಮ್ಮನೆ ಕಳೆದದ್ದು ಯಾವಾಗ? ಹಾಗೆ ಕಳೆದಿದ್ದರೆ, ಆ ದಿನ ಸಂಜೆ ಮನಸ್ಸಿನ ಮೂಲೆಯಲ್ಲಿ ಏನೋ ತಪ್ಪು ಮಾಡಿದ ಅಳುಕು ಇಣುಕಲಿಲ್ಲವೇ?

ವಿರಾಮದ ಬಗ್ಗೆ ನಮ್ಮಲ್ಲಿ ಎರಡು ಉತ್ತರಗಳು ಸಿದ್ಧವಾಗಿವೆ. ಮೊದಲನೆಯದು ನಮ್ಮ ಹಿರಿಯರದು. ಕೈ ಕೆಸರಾದರೆ ಬಾಯಿ ಮೊಸರು ಎಂದು ನಂಬಿ ಬದುಕಿದ ಅವರಿಗೆ ಕೆಸರಿಲ್ಲದ ಕೈ ಸಂಶಯದ ವಸ್ತು. ಎರಡನೆಯದು ಇಂದಿನ ಪೇಟೆಯದು. ಅದರ ಪ್ರಕಾರ ವಿರಾಮವೂ ಹಣ ಕೊಟ್ಟು ಕೊಳ್ಳುವ ಸರಕು. ಹಣ ಕೊಟ್ಟವನು ಇಷ್ಟು ಸ್ಥಳ ನೋಡಬೇಕು, ಇಷ್ಟು ಚಿತ್ರ ತೆಗೆಯಬೇಕು, ದಣಿದು ಮನೆಗೆ ಮರಳಬೇಕು. ಒಬ್ಬರು ವಿರಾಮವನ್ನು ಸೋಮಾರಿತನ ಎನ್ನುತ್ತಾರೆ, ಇನ್ನೊಬ್ಬರು ಅದನ್ನೂ ಒಂದು ದುಡಿಮೆಯಾಗಿ ಮಾಡಿಬಿಡುತ್ತಾರೆ. ಎರಡೂ ಉತ್ತರಗಳು ಪೂರ್ಣವಲ್ಲವೆಂದು ನನಗೆ ಹೊಳೆದದ್ದು ಗ್ರಂಥಗಳಿಂದಲ್ಲ, ಕೊಚ್ಚಿಯಲ್ಲಿ ನನ್ನ ಅಕ್ಕನ ಜೊತೆ ಕಳೆದ ಒಂದು ಶನಿವಾರದಿಂದ.

ಅಕ್ಕನ ಮಗ ಕೊಚ್ಚಿಯಲ್ಲಿ ಉದ್ಯೋಗದಲ್ಲಿದ್ದಾನೆ. ಅವನ ಹೊಸ ಬಾಡಿಗೆ ಮನೆಯನ್ನು ಆಶೀರ್ವದಿಸಲು ಅಕ್ಕನೊಂದಿಗೆ ಹೋಗಿದ್ದೆ. ಶುಕ್ರವಾರ ಸಂಜೆ ಆ ಕಾರ್ಯ ಮುಗಿಯಿತು. ಭಾನುವಾರದ ಬಲಿಪೂಜೆಗೆ ನಾನು ನನ್ನ ಧರ್ಮಕೇಂದ್ರದಲ್ಲಿ ಇರಲೇಬೇಕಾಗಿದ್ದರಿಂದ ಶನಿವಾರ ರಾತ್ರಿಯ ರೈಲಿಗೆ ಮರಳಿ ಹೊರಡುವವರಿದ್ದೆವು. ಶನಿವಾರ ಗಂಡ-ಹೆಂಡತಿ ಇಬ್ಬರಿಗೂ ಕೆಲಸ. "ಮಾಮ, ನೀವು ಅಮ್ಮನನ್ನು ಕರೆದುಕೊಂಡು ಫೋರ್ಟ್ ಕೊಚ್ಚಿ ನೋಡಿಕೊಂಡು ಬನ್ನಿ" ಎಂದು ಅಳಿಯ ಹೇಳಿದ.

ಅಕ್ಕ ಕೇಳಿದ ಮೊದಲ ಪ್ರಶ್ನೆ: "ಅಲ್ಲಿ ನಮಗೆ ಎಂತ ಕೆಲಸ?"

"ಕೆಲಸವೇನಿಲ್ಲ. ಸುಮ್ಮನೆ ನೋಡಲಿಕ್ಕೆ" ಎಂದೆ.

"ಸುಮ್ಮನೆಯಾ?" ಎಂದು ಅವಳು ನನ್ನ ಮುಖ ನೋಡಿದಳು. ಅರುವತ್ತಾರು ವರ್ಷಗಳ ಬಾಳಿನಲ್ಲಿ ಆ ಶಬ್ದಕ್ಕೆ ಅವಳು ಎಂದೂ ಒಂದು ದಿನವನ್ನು ಕೊಟ್ಟಿರಲಿಲ್ಲ.

ಅದಕ್ಕೆ ಕಾರಣ ಹೇಳಬೇಕು. ನಾನು ಎಂಟನೆಯ ತರಗತಿಯಲ್ಲಿದ್ದಾಗ ನಮ್ಮ ತಂದೆ ತೀರಿಕೊಂಡರು. ಅಂದಿನಿಂದ ನಮ್ಮ ಮನೆಯ ಜಗಲಿಯಲ್ಲಿ ಅಕ್ಕನ ಬೀಡಿಯ ಮೊರ ಕುಳಿತಿತು. ಎಲೆಯನ್ನು ನೀರಿನಲ್ಲಿ ನೆನೆಸಿ, ಅಳತೆಗೆ ಕತ್ತರಿಸಿ, ಹೊಗೆಸೊಪ್ಪಿನ ಪುಡಿ ತುಂಬಿ, ಸುತ್ತಿ, ತುದಿ ಮಡಚಿ, ನೂಲು ಕಟ್ಟುವ ಆ ಕೆಲಸವನ್ನು ಕರಾವಳಿಯ ಓದುಗರಿಗೆ ವಿವರಿಸಬೇಕಿಲ್ಲ. ದಿನಕ್ಕೆ ಸಾವಿರ ಬೀಡಿ ಕಟ್ಟಬೇಕೆಂಬುದು ಅವಳು ತಾನೇ ಹಾಕಿಕೊಂಡಿದ್ದ ಗುರಿ. ಸಂಜೆ ಅದನ್ನು ಬ್ರಾಂಚಿಗೆ ಒಯ್ದರೆ ಅಲ್ಲಿ ಕೆಲವು ಕಟ್ಟು ತಿರಸ್ಕೃತವಾಗುತ್ತಿದ್ದವು. ನಾನು ಗುರುಮಠ ಸೇರಿದ ದಿನ ನನ್ನ ಕೈಯಲ್ಲಿದ್ದ ತಗಡಿನ ಪೆಟ್ಟಿಗೆ, ಎರಡು ಜೊತೆ ಬಟ್ಟೆ, ಚಪ್ಪಲಿ, ಎಲ್ಲವೂ ಆ ನೂಲಿನಿಂದ ಕಟ್ಟಿದ್ದು. ನನಗೆ ಯಾಜಕದೀಕ್ಷೆಯಾದ ಮರುದಿನದಿಂದ ಅಕ್ಕ ನನ್ನನ್ನು 'ನೀವು' ಎಂದು ಕರೆಯತೊಡಗಿದಳು. ಬೇಡವೆಂದು ಎಷ್ಟು ಹೇಳಿದರೂ ಕೇಳಲಿಲ್ಲ.

ಎರ್ನಾಕುಲಂ ದೋಣಿಕಟ್ಟೆಯಿಂದ ಸರ್ಕಾರಿ ದೋಣಿ ಹತ್ತಿದೆವು. ದಾರಿಯಲ್ಲಿ ವಿಲಿಂಗ್ಡನ್ ದ್ವೀಪ ಸಿಗುತ್ತದೆ. ಅದರ ಬಹುಭಾಗ ಪ್ರಕೃತಿ ನಿರ್ಮಿಸಿದ್ದಲ್ಲ. ೧೯೨೦ರ ದಶಕದಲ್ಲಿ ರಾಬರ್ಟ್ ಬ್ರಿಸ್ಟೋ ಎಂಬ ಎಂಜಿನಿಯರರ ನೇತೃತ್ವದಲ್ಲಿ ಬಂದರನ್ನು ಆಳಗೊಳಿಸಲು ಆರಂಭಿಸಿದಾಗ ತೆಗೆದ ಹೂಳಿನಿಂದ ಮೇಲೆದ್ದ ನೆಲವದು. ಇದನ್ನೆಲ್ಲ ನಾನು ಉತ್ಸಾಹದಿಂದ ವಿವರಿಸುತ್ತಿದ್ದೆ. ಪ್ರಬೋಧನೆ ಮಾಡಿ ಅಭ್ಯಾಸವಾದ ನಾಲಿಗೆ ಎಲ್ಲಿ ಹೋದರೂ ಸುಮ್ಮನಿರುವುದಿಲ್ಲ. ಅಕ್ಕ ತಲೆಯಾಡಿಸುತ್ತಾ, ದೋಣಿಯ ಹಗ್ಗವನ್ನು ಕಟ್ಟೆಯ ಗೂಟಕ್ಕೆ ಎಸೆಯಲು ಸಿದ್ಧನಾಗಿ ನಿಂತಿದ್ದ ಯುವಕನನ್ನೇ ನೋಡುತ್ತಿದ್ದಳು.

ಫೋರ್ಟ್ ಕೊಚ್ಚಿಯ ದಂಡೆಯಲ್ಲಿ ಇಳಿದು ಸ್ವಲ್ಪ ನಡೆದರೆ ಕಾಣುವುದು ಪ್ರಸಿದ್ಧವಾದ ಚೀನೀ ಬಲೆಗಳು. ಮಲಯಾಳದಲ್ಲಿ ಇವನ್ನು 'ಚೀನವಲ' ಎನ್ನುತ್ತಾರೆ. ಚೀನಾದೊಂದಿಗೆ ಇದ್ದ ಪುರಾತನ ವ್ಯಾಪಾರ ಸಂಬಂಧದಿಂದ ಇವು ಬಂದವೆಂಬುದು ಪ್ರತೀತಿ. ದಂಡೆಗೆ ನೆಟ್ಟ ಭಾರೀ ಮರದ ಕಂಬಗಳು, ಅವುಗಳ ತುದಿಯಲ್ಲಿ ಹರಡಿಕೊಂಡ ದೊಡ್ಡ ಬಲೆ, ಇನ್ನೊಂದು ಬದಿಗೆ ಹಗ್ಗಗಳಲ್ಲಿ ತೂಗುವ ಕಲ್ಲುಗುಂಡುಗಳು. ತೂಕ ಎಷ್ಟು ನಾಜೂಕಾಗಿ ಹೊಂದಿಕೊಂಡಿದೆಯೆಂದರೆ, ಒಬ್ಬ ಮನುಷ್ಯ ಮುಖ್ಯ ತೊಲೆಯ ಮೇಲೆ ನಡೆದುಹೋದರೆ ಸಾಕು, ಬಲೆ ನೀರಿಗಿಳಿಯುತ್ತದೆ. ಆದರೆ ಮೇಲೇಳಬೇಕಾದರೆ ಹಾಗಲ್ಲ. ನಾಲ್ಕಾರು ಮಂದಿ ಒಟ್ಟಾಗಿ ಹಗ್ಗ ಹಿಡಿದು ಜಗ್ಗಬೇಕು.

ಸಾವಿರಾರು ಚಿತ್ರಗಳಲ್ಲಿ ಈ ಬಲೆಗಳನ್ನು ನೀವೂ ಕಂಡಿರುತ್ತೀರಿ. ಸಾಮಾನ್ಯವಾಗಿ ಅವು ಸೂರ್ಯಾಸ್ತದ ಎದುರು ಕಪ್ಪಾಗಿ, ಕಾವ್ಯಮಯವಾಗಿ ನಿಂತಿರುತ್ತವೆ. ಚಿತ್ರದಲ್ಲಿ ಹಗ್ಗ ಎಳೆಯುವವರು ಕಾಣುವುದು ಅಪರೂಪ. ನಾವು ಹೋದಾಗ ಅಲ್ಲಿದ್ದ ಐದು ಜನರಲ್ಲಿ ಒಬ್ಬರು ಪ್ರವಾಸಿಗರನ್ನು ಕೈಬೀಸಿ ಕರೆದು, ಹಗ್ಗ ಎಳೆಯಲು ಆಹ್ವಾನಿಸುತ್ತಿದ್ದರು. ನಾನೂ ಹೋಗಿ ಹಿಡಿದೆ. ನಾನು ಎಳೆದೆನೆಂದು ಹೇಳಲಾರೆ. ಅವರು ಎಳೆಯುವಾಗ ಹಗ್ಗವನ್ನು ಮುಟ್ಟಿಕೊಂಡಿದ್ದೆ. ಅಕ್ಕನ ಕೈಗೆ ಮೊಬೈಲು ಕೊಟ್ಟು ಚಿತ್ರ ತೆಗೆಸಿಕೊಂಡೆ. ಬಲೆ ಮೇಲೆದ್ದಾಗ ಅದರಲ್ಲಿ ಒಂದು ಹಿಡಿ ಸಣ್ಣ ಮೀನು, ಒಂದು ಏಡಿ, ಒಂದು ಪ್ಲಾಸ್ಟಿಕ್ ಚೀಲ ಇದ್ದವು.

ಧನ್ಯವಾದ ಹೇಳಿ ನಾನು ಹೊರಟೆ. ಅಕ್ಕ ಹೊರಡಲಿಲ್ಲ. ಅವಳು ಅವರಲ್ಲಿ ಹಿರಿಯನಾಗಿದ್ದವನ ಅಂಗೈಯನ್ನು ನೋಡುತ್ತಿದ್ದಳು. ಬಳಿಕ ತನ್ನ ಬಲಗೈಯ ತೋರುಬೆರಳನ್ನು ಅವನಿಗೆ ತೋರಿಸಿದಳು. ದಶಕಗಳ ಕಾಲ ನೂಲು ಎಳೆದು ಆ ಬೆರಳಿನ ಬದಿಯಲ್ಲಿ ಒಂದು ಗಟ್ಟಿ ಗೆರೆ ಉಳಿದಿದೆ. ಅವಳಿಗೆ ಮಲಯಾಳ ಬಾರದು, ಅವನಿಗೆ ಕನ್ನಡ ಬಾರದು. ಇಬ್ಬರೂ ನಕ್ಕರು. ಅಕ್ಕ ತನ್ನ ಪರ್ಸಿನಿಂದ ಹಣ ತೆಗೆದು ಅವನ ಕೈಗಿತ್ತಳು. ನನ್ನ ಬಳಿಗೆ ಬಂದು ಮೆಲ್ಲನೆ ಹೇಳಿದಳು: "ಎಳೆದವರು ಅವರು. ಚಿತ್ರ ಬಂದದ್ದು ನಿಮ್ಮದು."

ಗದರಿಕೆಯ ದನಿಯಿರಲಿಲ್ಲ. ಆದರೂ ನಾನು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಅಲ್ಲಿಂದ ಸಂತ ಫ್ರಾನ್ಸಿಸರ ದೇವಾಲಯಕ್ಕೆ ಹೋದೆವು. ಭಾರತದಲ್ಲಿ ಯುರೋಪಿಯನ್ನರು ಕಟ್ಟಿದ ಅತಿ ಪುರಾತನ ದೇವಾಲಯಗಳಲ್ಲಿ ಅದೊಂದು. ಪೋರ್ಚುಗೀಸರ ಕಾಲದಲ್ಲಿ ಅದು ಫ್ರಾನ್ಸಿಸ್ಕನ್ ಗುರುಗಳದಾಗಿತ್ತು. ೧೬೬೩ರಲ್ಲಿ ಡಚ್ಚರು ಕೊಚ್ಚಿಯನ್ನು ಗೆದ್ದ ಮೇಲೆ ಪ್ರೊಟೆಸ್ಟಂಟರ ಆರಾಧನಾಸ್ಥಳವಾಯಿತು. ೧೭೯೫ರಲ್ಲಿ ನಗರ ಬ್ರಿಟಿಷರ ವಶವಾದ ನಂತರ ಆಂಗ್ಲಿಕನರಿಗೆ ಸೇರಿತು. ಈಗ ಸಿ.ಎಸ್.ಐ. ಸಭೆಯದು. ವಾಸ್ಕೋ ಡ ಗಾಮ ೧೫೨೪ರ ಡಿಸೆಂಬರ್ ೨೪ರಂದು, ಕ್ರಿಸ್ತಜಯಂತಿಯ ಮುನ್ನಾದಿನ, ಕೊಚ್ಚಿಯಲ್ಲಿ ತೀರಿಕೊಂಡಾಗ ಇಲ್ಲಿಯೇ ಅವನನ್ನು ಸಮಾಧಿ ಮಾಡಿದರು. ಕೆಲವು ವರ್ಷಗಳ ಬಳಿಕ ಅವಶೇಷಗಳನ್ನು ಪೋರ್ಚುಗಲ್ಲಿಗೆ ಒಯ್ದರು. ಸಮಾಧಿಯ ಗುರುತು ಮಾತ್ರ ನೆಲದಲ್ಲಿ ಉಳಿದಿದೆ. ಬಂದವರೆಲ್ಲ ಆ ಕಲ್ಲಿನ ಸುತ್ತ ನಿಲ್ಲುತ್ತಾರೆ. ನಾವೂ ನಿಂತೆವು.

ಅಕ್ಕನ ಕಣ್ಣು ಮೇಲಕ್ಕೆ ಹೋಗಿತ್ತು. ಆ ದೇವಾಲಯದಲ್ಲಿ ಬೆಂಚುಗಳ ಮೇಲ್ಗಡೆ ಅಡ್ಡಲಾಗಿ ತೂಗುಬಿಟ್ಟ ಉದ್ದನೆಯ ಬಟ್ಟೆಯ ಬೀಸಣಿಗೆಗಳಿವೆ. ವಿದ್ಯುತ್ತು ಇಲ್ಲದ ಕಾಲದಲ್ಲಿ ಅವುಗಳ ಹಗ್ಗವನ್ನು ಗೋಡೆಯಾಚೆಗೆ ಹಾಯಿಸಿ, ಹೊರಗೆ ಕುಳಿತ ಆಳುಗಳಿಂದ ಎಳೆಸುತ್ತಿದ್ದರು. ಒಳಗಿನ ಆರಾಧಕರಿಗೆ ತಂಪು ಗಾಳಿ ಬರುತ್ತಿತ್ತು. ನಾನು ಇದನ್ನು ವಿವರಿಸಿದೆ. ಅಕ್ಕ ಹಗ್ಗ ಹಾಯುವ ದಾರಿಯನ್ನು ಕಣ್ಣಿನಿಂದಲೇ ಹಿಂಬಾಲಿಸಿ, ಗೋಡೆಯವರೆಗೆ ನೋಡಿ, ಕೇಳಿದಳು:

"ಆದಿತ್ಯವಾರ ಇವರೆಲ್ಲ ಒಳಗೆ ಪ್ರಾರ್ಥನೆಯಲ್ಲಿ ಇರುವಾಗ ಎಳೆಯುವವರು ಹೊರಗೆ ಇರುತ್ತಿದ್ದರಾ?"

"ಹೌದು."

"ಹಾಗಾದರೆ ಅವರಿಗೆ ಆದಿತ್ಯವಾರ ಯಾವಾಗ?"

ನಾನು ಗುರುಮಠದಲ್ಲಿ ತತ್ತ್ವಶಾಸ್ತ್ರ ಓದಿದವನು. ಮೂವತ್ತಕ್ಕೆ ಸಮೀಪದ ವರ್ಷಗಳಿಂದ ಸಾಬತ್ತಿನ ವಿಷಯದಲ್ಲಿ ಪ್ರಬೋಧನೆ ಮಾಡುತ್ತಾ ಬಂದವನು. ಈ ಪ್ರಶ್ನೆಯನ್ನು ನಾನು ಎಂದೂ ಕೇಳಿಕೊಂಡಿರಲಿಲ್ಲ.

ಓದುಗರೇ, ವಿರಾಮವನ್ನು ಕುರಿತು ಆಳವಾಗಿ ಯೋಚಿಸಿದ ಪ್ರಾಚೀನರಲ್ಲಿ ಗ್ರೀಕರ ಅರಿಸ್ಟಾಟಲ್ ಪ್ರಮುಖನು. ಮನುಷ್ಯನು ದುಡಿಯುವುದು ಮತ್ತೆ ದುಡಿಯಲಿಕ್ಕಲ್ಲ, ವಿರಾಮವನ್ನು ಪಡೆಯಲಿಕ್ಕೆ ಎಂಬುದು ಅವನ ನಿಲುವು. ಆ ವಿರಾಮದಲ್ಲಿಯೇ ಮನುಷ್ಯನು ಸತ್ಯವನ್ನು ಚಿಂತಿಸಬಲ್ಲ, ಗೆಳೆತನವನ್ನು ಬೆಳೆಸಬಲ್ಲ. ಶಾಲೆ ಎಂಬರ್ಥದ 'ಸ್ಕೂಲ್' ಎಂಬ ಇಂಗ್ಲಿಷ್ ಪದ ಹುಟ್ಟಿದ್ದೇ ವಿರಾಮ ಎಂಬರ್ಥದ ಗ್ರೀಕ್ ಪದದಿಂದ. ಕಳೆದ ಶತಮಾನದಲ್ಲಿ ಜರ್ಮನಿಯ ಕಥೋಲಿಕ ಚಿಂತಕ ಯೋಸೆಫ್ ಪೀಪರ್ ೧೯೪೮ರಲ್ಲಿ ಪ್ರಕಟಿಸಿದ ತಮ್ಮ ಕೃತಿಯಲ್ಲಿ ಈ ವಿಚಾರವನ್ನು ಮುಂದುವರಿಸಿ, ವಿರಾಮವೆಂದರೆ ಕೆಲಸದ ನಡುವಿನ ಬಿಡುವು ಮಾತ್ರವಲ್ಲ, ಜಗತ್ತನ್ನು ಕೊಡುಗೆಯಾಗಿ ಸ್ವೀಕರಿಸುವ ಮನಃಸ್ಥಿತಿ ಎಂದು ತಿಳಿಸಿದರು. ಯುದ್ಧದಿಂದ ನೆಲಸಮವಾದ ದೇಶವನ್ನು ಮತ್ತೆ ಕಟ್ಟಲು ಎಲ್ಲರೂ ಹಗಲಿರುಳು ದುಡಿಯುತ್ತಿದ್ದ ಕಾಲದಲ್ಲಿ ಅವರು ಹೀಗೆ ಬರೆದರೆಂಬುದು ಗಮನಾರ್ಹ.

ಈ ವಿಚಾರಗಳು ಸುಂದರ. ಆದರೆ ಅರಿಸ್ಟಾಟಲನ ವಿರಾಮದ ಗೋಡೆಯಲ್ಲೂ ಒಂದು ಹಗ್ಗದ ತೂತು ಇತ್ತು. ಅವನ ಮಹನೀಯರು ಚಿಂತನೆಯಲ್ಲಿ ತೊಡಗಿರುವಾಗ ಹೊಲದಲ್ಲಿ, ಅಡುಗೆಮನೆಯಲ್ಲಿ ಗುಲಾಮರಿದ್ದರು. ಗುಲಾಮನನ್ನು ಅವನು ಜೀವವುಳ್ಳ ಉಪಕರಣವೆಂದು ಕರೆದನು. ಮಗ್ಗದ ಲಾಳಿ ತಾನೇ ಓಡಾಡಿ ಬಟ್ಟೆ ನೇಯುವಂತಿದ್ದರೆ ಒಡೆಯರಿಗೆ ಗುಲಾಮರೇ ಬೇಕಾಗುತ್ತಿರಲಿಲ್ಲ ಎಂದೂ ಅವನು ಹೇಳಿದ್ದುಂಟು. ಇಂದು ಲಾಳಿ ತಾನೇ ಓಡುತ್ತದೆ, ಬಟ್ಟೆ ತಾನೇ ಒಗೆದುಕೊಳ್ಳುತ್ತದೆ. ಆದರೂ ಹಗ್ಗದ ತುದಿಯಲ್ಲಿ ಕುಳಿತವರು ಇಲ್ಲವಾಗಿಲ್ಲ.

ಇಲ್ಲಿಯೇ ಪವಿತ್ರ ಗ್ರಂಥ ಬೇರೊಂದು ದಾರಿ ಹಿಡಿಯುತ್ತದೆ. ವಿಮೋಚನಾಕಾಂಡದಲ್ಲಿ ಸಾಬತ್ತಿನ ಆಜ್ಞೆಗೆ ಕೊಟ್ಟ ಕಾರಣ ದೇವರ ಸೃಷ್ಟಿಕಾರ್ಯ. ಧರ್ಮೋಪದೇಶಕಾಂಡದಲ್ಲಿ ಅದೇ ಆಜ್ಞೆ ಮತ್ತೆ ಬಂದಾಗ ಕಾರಣ ಬದಲಾಗುತ್ತದೆ: ನೀವೂ ಒಮ್ಮೆ ಈಜಿಪ್ಟಿನಲ್ಲಿ ಗುಲಾಮರಾಗಿದ್ದವರು, ಅದನ್ನು ಮರೆಯಬೇಡಿರಿ ಎಂಬ ನೆನಪು. ಆದುದರಿಂದ ವಿಶ್ರಾಂತಿ ಮನೆಯೊಡೆಯನಿಗೆ ಮಾತ್ರವಲ್ಲ. ಮಗನಿಗೆ, ಮಗಳಿಗೆ, ಆಳಿಗೆ, ಸೇವಕಿಗೆ, ಎತ್ತಿಗೆ, ಕತ್ತೆಗೆ, ಊರಿನಲ್ಲಿ ತಂಗಿರುವ ಪರದೇಶಿಗೆ ಕೂಡ. ಬೇರೆಯವರನ್ನು ಹೊರಗೆ ಕೂರಿಸಿ ತಾನು ಒಳಗೆ ವಿಶ್ರಮಿಸುವವನು ಸಾಬತ್ತನ್ನು ಆಚರಿಸಿದಂತೆಯೇ ಅಲ್ಲ. ಅವನು ಈಜಿಪ್ಟನ್ನು ತನ್ನ ಮನೆಯಲ್ಲೇ ಮರಳಿ ಕಟ್ಟಿಕೊಂಡಂತೆ.

ಆ ಪಟ್ಟಿಯನ್ನು ಗಮನವಿಟ್ಟು ಓದಿದರೆ ಒಂದು ಹೆಸರು ಕಾಣುವುದಿಲ್ಲ. ಮನೆಯ ಹೆಂಡತಿಯನ್ನು ಅಲ್ಲಿ ಪ್ರತ್ಯೇಕವಾಗಿ ಹೇಳಿಲ್ಲ. 'ನೀನು' ಎಂಬ ಸಂಬೋಧನೆಯಲ್ಲಿಯೇ ಅವಳೂ ಸೇರಿದ್ದಾಳೆಂದು ವ್ಯಾಖ್ಯಾನಕಾರರು ಹೇಳುತ್ತಾರೆ. ಅದು ಸರಿಯಾದ ಅರ್ಥವೆಂದು ನಾನೂ ನಂಬುತ್ತೇನೆ. ಆದರೆ ನಮ್ಮ ಮನೆಗಳು ಆ ಪಟ್ಟಿಯನ್ನು ಅವಳನ್ನು ಬಿಟ್ಟೇ ಓದಿಕೊಂಡು ಬಂದಿವೆ. ಭಾನುವಾರ ಪೂಜೆ ಮುಗಿಸಿ ಬಂದ ಗಂಡಸರು ಜಗಲಿಯಲ್ಲಿ ಪತ್ರಿಕೆ ಬಿಡಿಸುತ್ತಾರೆ. ಅದೇ ಪೂಜೆಯಿಂದ ಬಂದ ಹೆಂಗಸು ಸೀರೆ ಬದಲಿಸಿ ನೇರವಾಗಿ ಮಸಾಲೆ ಅರೆಯಲು ಹೋಗುತ್ತಾಳೆ. ವಾರದ ಅತಿ ದೊಡ್ಡ ಅಡುಗೆ ವಿಶ್ರಾಂತಿಯ ದಿನದಂದೇ.

ಮತ್ತೆ ಪ್ರಯಾಣಕ್ಕೆ ಬರೋಣ. ಮುಂದೆ ಸಾಂತಾ ಕ್ರೂಜ್ ಬಸಿಲಿಕಕ್ಕೆ ಹೋದೆವು. ೧೫೫೮ರಲ್ಲಿ ಪ್ರಧಾನಾಲಯದ ಪದವಿ ಪಡೆದಿದ್ದ ಹಳೆಯ ದೇವಾಲಯವನ್ನು ಡಚ್ಚರು ಉಳಿಸಿದ್ದರೂ ಬ್ರಿಟಿಷರು ಕೆಡವಿದರು. ಈಗಿರುವ ಕಟ್ಟಡ ೧೯೦೫ರಲ್ಲಿ ಪ್ರತಿಷ್ಠಾಪನೆಗೊಂಡಿತು. ಸಂತ ದ್ವಿತೀಯ ಜಾನ್ ಪೌಲರು ೧೯೮೪ರಲ್ಲಿ ಅದಕ್ಕೆ ಬಸಿಲಿಕದ ಗೌರವವನ್ನಿತ್ತರು. ಅದರೊಳಗಿನ ಚಿತ್ರಗಳನ್ನು ನೋಡಿದ ಕೂಡಲೇ ಅಕ್ಕ "ಇದು ನಮ್ಮ ಅಲೋಶಿಯಸ್ ಚಾಪೆಲಿನ ಹಾಗೆ ಉಂಟಲ್ಲ" ಎಂದಳು. ನಿಜ. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲಿನ ಗೋಡೆ ಮತ್ತು ಮಾಡನ್ನು ತುಂಬಿದ ಯೇಸುಸಭೆಯ ಇಟಾಲಿಯನ್ ಸಹೋದರ ಆಂಟೋನಿಯೊ ಮೊಸ್ಕೆನಿಯವರ ಕುಂಚವೇ ಇಲ್ಲಿಯೂ ದುಡಿದಿದೆ. ಈ ದೇವಾಲಯದ ಪ್ರತಿಷ್ಠಾಪನೆಗೆ ಕೆಲವೇ ದಿನ ಮೊದಲು, ೧೯೦೫ರ ನವೆಂಬರಿನಲ್ಲಿ, ಅವರು ಕೊಚ್ಚಿಯಲ್ಲಿಯೇ ಕಣ್ಣು ಮುಚ್ಚಿದರು. ತಾವು ಚಿತ್ರಿಸಿದ ಬಲಿಪೀಠದಲ್ಲಿ ನಡೆದ ಹಬ್ಬದ ಪೂಜೆಯನ್ನು ಕಾಣುವ ಭಾಗ್ಯ ಅವರಿಗಿರಲಿಲ್ಲ. ನಾವು ತಲೆಯೆತ್ತಿ ಆನಂದಿಸುವ ಸೌಂದರ್ಯವೂ ಯಾರದೋ ಬೆನ್ನುನೋವಿನ ಫಲವೆಂದು ಅಂದು ನೆನೆದೆ.

ಅಕ್ಕ ಬೆಂಚಿನಲ್ಲಿ ಕುಳಿತಳು. ಜಪಸರ ತೆಗೆದಳು. ಎರಡು ದಶಕ ಮುಗಿಯುವಷ್ಟರಲ್ಲಿ ಅವಳ ತಲೆ ನಿಧಾನವಾಗಿ ಎದೆಯತ್ತ ಬಾಗಿತು. ನಿದ್ದೆ ಬಂದಿತ್ತು.

ನನ್ನ ಮೊದಲ ಯೋಚನೆ ಅವಳನ್ನು ಎಬ್ಬಿಸಬೇಕೆಂಬುದು. ಮಟ್ಟಾಂಚೇರಿಯ ಅರಮನೆ ಬಾಕಿಯಿತ್ತು. ಪೋರ್ಚುಗೀಸರು ಹದಿನಾರನೆಯ ಶತಮಾನದಲ್ಲಿ ಕೊಚ್ಚಿಯ ಅರಸನಿಗಾಗಿ ಕಟ್ಟಿಸಿ, ಮುಂದೆ ಡಚ್ಚರು ದುರಸ್ತಿ ಮಾಡಿಸಿದ ಆ ಅರಮನೆಯ ರಾಮಾಯಣದ ಭಿತ್ತಿಚಿತ್ರಗಳನ್ನು ನೋಡಬೇಕೆಂದು ಬೆಳಿಗ್ಗೆಯೇ ಗುರುತು ಹಾಕಿಕೊಂಡಿದ್ದೆ. ಕೈಗಡಿಯಾರ ನೋಡಿದೆ. ಭುಜ ಮುಟ್ಟಲು ಕೈ ಚಾಚಿದೆ. ಆಗ ಒಂದು ವಿಷಯ ನನ್ನನ್ನು ತಡೆಯಿತು. ಹಗಲಿನಲ್ಲಿ ನನ್ನ ಅಕ್ಕ ನಿದ್ರಿಸುವುದನ್ನು ನಾನು ಆವರೆಗೆ ಕಂಡೇ ಇರಲಿಲ್ಲ.

ಆ ಮುಕ್ಕಾಲು ಗಂಟೆ ನಾನು ಅವಳ ಪಕ್ಕದಲ್ಲಿ ಲೆಕ್ಕ ಹಾಕುತ್ತಾ ಕುಳಿತೆ. ಗುರುಮಠದ ರಜೆಯಲ್ಲಿ ಮನೆಗೆ ಬಂದಾಗ ನಾನು ಪುಸ್ತಕ ಹಿಡಿದು ಮಲಗುತ್ತಿದ್ದ ಮಧ್ಯಾಹ್ನಗಳು. ಜಗಲಿಯಿಂದ ಕೇಳುತ್ತಿದ್ದ ಕತ್ತರಿಯ ಸದ್ದು. ಗುರುವಾದ ಮೇಲೆ ನಾನು ಹೋಗಿಬಂದ ಯಾತ್ರಾಸ್ಥಳಗಳು, ಭಕ್ತರು ಪ್ರೀತಿಯಿಂದ ಕರೆದೊಯ್ದ ಪ್ರವಾಸಗಳು. ಪ್ರತಿ ಬಾರಿಯೂ ಅಕ್ಕನಿಗೆ ಒಂದು ಜಪಸರ ಅಥವಾ ಒಂದು ಸ್ವರೂಪ ತಂದುಕೊಟ್ಟಿದ್ದೆ. ಅವಳನ್ನು ಜೊತೆಗೆ ಕರೆದಿರಲಿಲ್ಲ. ಅವಳು ಬರುವುದಿಲ್ಲ, ಅವಳಿಗೆ ಕೆಲಸವಿದೆ, ಅವಳಿಗೆ ಇದೆಲ್ಲ ಇಷ್ಟವಿಲ್ಲ ಎಂದು ನಾನೇ ತೀರ್ಮಾನಿಸಿಕೊಂಡಿದ್ದೆ. ಕೇಳದೆಯೇ ಬೇರೊಬ್ಬರ ಉತ್ತರವನ್ನು ನಾವೇ ಹೇಳಿಬಿಡುವುದು ಎಷ್ಟು ಅನುಕೂಲ!

ಎದ್ದಾಗ ಅಕ್ಕ ನಾಚಿಕೊಂಡಳು. "ಎಬ್ಬಿಸುವುದಲ್ಲವಾ? ದೇವರ ಎದುರು ನಿದ್ದೆ ಮಾಡಿದೆನಲ್ಲ" ಎಂದಳು. ದಣಿದವರು ದೇವರ ಎದುರು ಮಲಗದೆ ಇನ್ನೆಲ್ಲಿ ಮಲಗಬೇಕು ಎಂದೆ. ಬಿರುಗಾಳಿಯ ನಡುವೆ ದೋಣಿಯಲ್ಲಿ ನಮ್ಮ ಪ್ರಭುವೂ ನಿದ್ರಿಸಿದರಲ್ಲವೇ?

ಬಳಿಕ ಆಟೋ ಹಿಡಿದು ಬಜಾರ್ ರಸ್ತೆಯ ಮೂಲಕ ಮಟ್ಟಾಂಚೇರಿಗೆ ಹೋದೆವು. ಕರಿಮೆಣಸು, ಶುಂಠಿ, ಏಲಕ್ಕಿಯ ವ್ಯಾಪಾರದಿಂದ ಹೆಸರಾದ ಬೀದಿ ಅದು. ಹಳೆಯ ಗೋದಾಮುಗಳ ಗೋಡೆಗಳಿಗೆ ಸಾಂಬಾರ ಪದಾರ್ಥಗಳ ವಾಸನೆ ಹತ್ತಿಕೊಂಡಿದೆ. ಈ ಬಂದರಿನ ಇನ್ನೊಂದು ಕಥೆಯನ್ನು ಪ್ರವಾಸಿಗರು ಕೇಳುವುದು ಕಡಿಮೆ. ಹಿಂದೆ ಇಲ್ಲಿ ಹಡಗಿನ ಸರಕು ಇಳಿಸುವ ಕೂಲಿಗಳಿಗೆ ಕೆಲಸ ಹಂಚುತ್ತಿದ್ದುದು 'ಚಾಪ್ಪ' ಎಂಬ ಲೋಹದ ಬಿಲ್ಲೆಗಳಿಂದ. ನೆರೆದ ಕೂಲಿಗಳ ನಡುವೆ ಗುತ್ತಿಗೆದಾರರ ಕಡೆಯವರು ಬಿಲ್ಲೆಗಳನ್ನು ಎಸೆಯುತ್ತಿದ್ದರು. ಮೇಲೆ ಬಿದ್ದು ಹೊಡೆದಾಡಿ ಯಾರು ಹಿಡಿದುಕೊಂಡರೋ ಅವರಿಗೆ ಆ ದಿನದ ಅನ್ನ. ಈ ಪದ್ಧತಿಯ ವಿರುದ್ಧ ಎದ್ದ ಹೋರಾಟದಲ್ಲಿ ೧೯೫೩ರ ಸೆಪ್ಟೆಂಬರಿನಲ್ಲಿ ಮಟ್ಟಾಂಚೇರಿಯಲ್ಲಿ ಗೋಲಿಬಾರು ನಡೆದು ಕಾರ್ಮಿಕರು ಪ್ರಾಣ ತೆತ್ತರು. ಕೆಲಸಕ್ಕಾಗಿಯೇ ಹೊಡೆದಾಡಬೇಕಾದವನಿಗೆ ವಿರಾಮದ ಮಾತು ಎಲ್ಲಿಯದು? ಜಗದ್ಗುರು ಹದಿಮೂರನೆಯ ಲಿಯೋರವರು ೧೮೯೧ರಲ್ಲಿಯೇ ತಮ್ಮ 'ರೇರುಮ್ ನೊವಾರುಮ್' ಎಂಬ ವಿಶ್ವಪತ್ರದಲ್ಲಿ, ಕಾರ್ಮಿಕನ ವಿಶ್ರಾಂತಿ ಒಡೆಯನು ತೋರುವ ದಯೆಯಲ್ಲ, ಕಾರ್ಮಿಕನಿಗೆ ಸಲ್ಲಬೇಕಾದ ನ್ಯಾಯ ಎಂಬ ಬೋಧನೆಗೆ ಬುನಾದಿ ಹಾಕಿದ್ದರು. ಆ ನ್ಯಾಯ ಬಂದರುಗಳನ್ನು ತಲುಪಲು ಬಹಳ ಕಾಲ ಹಿಡಿಯಿತು. ಎಷ್ಟೋ ಜಗಲಿಗಳನ್ನು ಇನ್ನೂ ತಲುಪಿಲ್ಲ.

ಅರಮನೆಗೆ ಹೊತ್ತಾಗಿತ್ತು. ಯೆಹೂದ್ಯರ ಬೀದಿಯ ತುದಿಯಲ್ಲಿರುವ ಪರದೇಶಿ ಪ್ರಾರ್ಥನಾಮಂದಿರವನ್ನಾದರೂ ನೋಡೋಣವೆಂದು ಬೇಗ ಬೇಗನೆ ನಡೆದೆವು. ೧೫೬೮ರಲ್ಲಿ ಕಟ್ಟಿದ ಮಂದಿರವದು. ಅದರ ನೆಲಕ್ಕೆ ಚೀನಾದಿಂದ ತಂದ, ಕೈಯಿಂದ ನೀಲಿ ಚಿತ್ರ ಬರೆದ ಹಾಸುಬಿಲ್ಲೆಗಳಿವೆ. ಬಾಗಿಲು ಮುಚ್ಚಿತ್ತು. ಶನಿವಾರ! ಯೆಹೂದ್ಯರ ಸಾಬತ್ತು. ಸಾಬತ್ತಿನ ಮೇಲೆ ನೂರಾರು ಪ್ರಬೋಧನೆ ಕೊಟ್ಟ ಗುರುವಿಗೆ ಆ ದಿನವೇ ಸಾಬತ್ತೆಂಬುದು ಮರೆತುಹೋಗಿತ್ತು.

ನನಗೆ ಬೇಸರವಾಯಿತು. ಅಕ್ಕನಿಗೆ ಆಗಲಿಲ್ಲ. "ಒಳ್ಳೆಯದಾಯಿತು. ಅವರಿಗೂ ಒಂದು ದಿನ ಬೇಡವಾ?" ಎಂದಳು. ಇಸ್ರೇಲ್ ದೇಶ ೧೯೪೮ರಲ್ಲಿ ಸ್ಥಾಪನೆಯಾದ ಬಳಿಕ ಕೊಚ್ಚಿಯ ಯೆಹೂದ್ಯರಲ್ಲಿ ಬಹುತೇಕರು ಅಲ್ಲಿಗೆ ಹೊರಟುಹೋದರು. ಉಳಿದವರು ಬೆರಳೆಣಿಕೆಯಷ್ಟು ಮಂದಿ. ಆದರೂ ಶನಿವಾರ ಆ ಬಾಗಿಲು ಪ್ರವಾಸಿಗರಿಗೆ ತೆರೆಯುವುದಿಲ್ಲ. ಇಡೀ ಬೀದಿ ವ್ಯಾಪಾರದಲ್ಲಿ ಮುಳುಗಿರುವಾಗ, ಒಂದು ಬಾಗಿಲು ಮಾತ್ರ ಲಾಭಕ್ಕಿಂತ ದೊಡ್ಡದೊಂದು ಇದೆಯೆಂದು ಸುಮ್ಮನೆ ಹೇಳುತ್ತಿತ್ತು. ಒಳಗಿನ ನೀಲಿ ಬಿಲ್ಲೆಗಳಿಗಿಂತ ಆ ಮುಚ್ಚಿದ ಬಾಗಿಲೇ ನನಗೆ ಹೆಚ್ಚು ಕಲಿಸಿತೆಂದು ಈಗ ಅನಿಸುತ್ತದೆ.

ಸಂಜೆ ಮತ್ತೆ ಫೋರ್ಟ್ ಕೊಚ್ಚಿಯ ದಂಡೆಗೆ ಬಂದು ಕುಳಿತೆವು. ಚಹಾ ಕುಡಿಯುತ್ತಾ ನನ್ನ ಮನಸ್ಸಿನಲ್ಲಿದ್ದುದನ್ನು ಅಕ್ಕನಿಗೆ ಹೇಳಿದೆ. ನನ್ನ ಓದು, ನನ್ನ ಬಿಡುವು ಎಲ್ಲವೂ ಅವಳ ಬೆರಳಿನಿಂದ ಬಂದದ್ದು, ಅವಳಿಗೆ ನಾನು ಅನ್ಯಾಯ ಮಾಡಿದೆ ಎಂದೆ. ಅವಳು ಕಣ್ಣೀರು ಹಾಕುವಳೆಂದು ಭಾವಿಸಿದ್ದೆ. ಅವಳಿಗೆ ಸ್ವಲ್ಪ ಸಿಟ್ಟೇ ಬಂತು.

"ನನ್ನನ್ನು ಪಾಪ ಅಂತ ಹೇಳಬೇಡಿ. ಬೀಡಿ ಕಟ್ಟುವಾಗ ನಾವು ನಾಲ್ಕು ಜನ ಹುಡುಗಿಯರು ಒಟ್ಟಿಗೆ ಕೂತಿರುತ್ತಿದ್ದೆವು. ಎಷ್ಟು ನಗುತ್ತಿದ್ದೆವು ನಿಮಗೆ ಗೊತ್ತುಂಟಾ? ಕೆಲಸ ನನಗೆ ಕಷ್ಟ ಆಗಲಿಲ್ಲ. ಯಾರೂ 'ಸಾಕು, ಏಳು' ಅಂತ ಹೇಳಲಿಲ್ಲ. ಅಷ್ಟೇ."

ಪ್ರಿಯರೇ, ಈ ಮಾತನ್ನು ನಾನು ಅನೇಕ ಸಲ ತಿರುಗಿಸಿ ನೋಡಿದ್ದೇನೆ. ದುಡಿಯುವವರಿಗೆ ನಮ್ಮ ಕನಿಕರ ಬೇಡ. ಕನಿಕರ ಎತ್ತರದಿಂದ ಇಳಿದುಬರುತ್ತದೆ, ಅದು ಕೊಟ್ಟವರಿಗೇ ಹೆಚ್ಚು ಸುಖ ನೀಡುತ್ತದೆ. ಅವರ ದುಡಿಮೆಯಲ್ಲಿ ಸೌಂದರ್ಯವೂ ಘನತೆಯೂ ಸ್ನೇಹವೂ ಇದ್ದವು. ಇಲ್ಲದೆ ಹೋದದ್ದು ಒಂದೇ: ಸಾಕು, ಏಳು, ಈಗ ನಾನು ಎಳೆಯುತ್ತೇನೆ ಎಂದು ಹಗ್ಗಕ್ಕೆ ಕೈ ಚಾಚುವ ಇನ್ನೊಬ್ಬರು.

ಇಲ್ಲಿ ಒಂದು ಆಕ್ಷೇಪ ಏಳಬಹುದು. ನಮ್ಮ ವಿರಾಮ ಇನ್ನೊಬ್ಬರ ದುಡಿಮೆಯ ಮೇಲೆ ನಿಂತಿದೆಯಾದರೆ ಪ್ರವಾಸವನ್ನೇ ಬಿಡಬೇಕೇ? ಹಾಗಲ್ಲ. ನಾವು ಮನೆಯಲ್ಲೇ ಕುಳಿತರೆ ಬಲೆ ಎಳೆಯುವವನಿಗೂ ಆಟೋದವನಿಗೂ ಚಹಾದಂಗಡಿಯ ಹೆಂಗಸಿಗೂ ನಷ್ಟವೇ. ತಪ್ಪಿತಸ್ಥ ಭಾವನೆಯಿಂದ ಯಾರ ಹೊಟ್ಟೆಯೂ ತುಂಬುವುದಿಲ್ಲ. ವಿರಾಮ ಪಾಪವಲ್ಲ, ಅದೊಂದು ಋಣ. ಋಣವನ್ನು ತೀರಿಸುವ ಮೊದಲ ಹೆಜ್ಜೆ ಸಾಲ ಕೊಟ್ಟವರ ಮುಖವನ್ನು ನೋಡುವುದು. ಎರಡನೆಯದು ಚೌಕಾಸಿ ಮಾಡದೆ ನ್ಯಾಯವಾದ ಕೂಲಿ ಕೊಡುವುದು. ಮೂರನೆಯದು, ಮತ್ತು ಅತ್ಯಂತ ಕಷ್ಟವಾದುದು, ನಮ್ಮ ಕೈಯಳತೆಯಲ್ಲಿ ಇರುವವರಿಗೆ ಸರದಿಯಂತೆ ವಿರಾಮವನ್ನು ಬಿಟ್ಟುಕೊಡುವುದು. ಕೊಚ್ಚಿಯ ಬಂದರನ್ನು ನಾವು ಬದಲಿಸಲಾರೆವು. ನಮ್ಮ ಅಡುಗೆಮನೆಯನ್ನು ಬದಲಿಸಬಹುದು.

ನಿಮ್ಮ ಮನೆಯಲ್ಲಿ ಭಾನುವಾರ ಹಗ್ಗದ ಆ ತುದಿಯಲ್ಲಿ ಯಾರಿದ್ದಾರೆ? ಅಮ್ಮನೇ? ಅತ್ತಿಗೆಯೇ? ಹಬ್ಬದ ದಿನವೂ ಪಾತ್ರೆ ತೊಳೆಯಲು ಬರುವ ಹೆಣ್ಣುಮಗಳೇ? ಮದುವೆಮನೆಯಲ್ಲಿ ಎಲ್ಲರೂ ಉಂಡ ಮೇಲೆ ನಿಂತುಕೊಂಡೇ ಉಣ್ಣುವ ಹುಡುಗರೇ? ವರ್ಷಕ್ಕೊಮ್ಮೆ ಕುಟುಂಬ ಪ್ರವಾಸ ಹೊರಡುವಾಗ ಮನೆ ಕಾಯಲೆಂದು ಉಳಿಸಿಹೋಗುವ ವಯಸ್ಸಾದವರೇ? ಅವರಿಗೆ ಬರಲು ಇಷ್ಟವಿಲ್ಲವೆಂದು ಅವರೇ ಹೇಳಿದರೇ, ಅಥವಾ ನೀವು ಹೇಳಿಕೊಂಡಿರಾ?

ಉಪದೇಶಿಸುವವನು ತಾನೇನು ಮಾಡಿದನೆಂದು ನೀವು ಕೇಳಬಹುದು. ಊರಿಗೆ ಮರಳಿದ ಮೇಲೆ ನಮ್ಮ ಗುರುನಿವಾಸದ ಅಡುಗೆಯವರಿಗೆ ಭಾನುವಾರ ಬೆಳಗಿನ ತಿಂಡಿಯ ನಂತರ ಬಿಡುವು ಕೊಟ್ಟೆ. ಕೂಲಿ ಕಡಿತವಿಲ್ಲ. ಅಂದಿನ ಗಂಜಿ-ಚಟ್ನಿ ನನ್ನದೇ. ಮೊದಲ ವಾರ ಗಂಜಿ ತಳಹಿಡಿದಿತ್ತು. ಇದು ದೊಡ್ಡ ತ್ಯಾಗವೇನಲ್ಲ. ಇಷ್ಟು ಸಣ್ಣ ವಿಷಯ ತಿಳಿಯಲು ಇಷ್ಟು ವರ್ಷ ಹಿಡಿಯಿತಲ್ಲ ಎಂಬುದೇ ನನ್ನ ನಾಚಿಕೆ. ಅಕ್ಕನಿಗೂ ಒಂದು ಮಾತು ಕೊಟ್ಟಿದ್ದೇನೆ: ಮುಂದೆ ನಾನು ಎಲ್ಲಿಗೆ ಹೊರಟರೂ ಮೊದಲು ಅವಳನ್ನು ಕೇಳುತ್ತೇನೆ. ಬರುವುದೂ ಬಿಡುವುದೂ ಅವಳ ಇಷ್ಟ.

ಆ ರಾತ್ರಿ ರೈಲಿನಲ್ಲಿ ಅವಳಿಗೆ ಕೆಳಗಿನ ಬರ್ತಿನಲ್ಲಿ ಹಾಸಿಕೊಟ್ಟು, ನಾನು ಕಿಟಕಿಯ ಬಳಿ ಮರುದಿನದ ಪ್ರಬೋಧನೆಯ ಟಿಪ್ಪಣಿ ಬಿಡಿಸಿ ಕುಳಿತೆ. ಎಲ್ಲರೂ ದೀಪ ಆರಿಸಿದ್ದರು. ಬಹಳ ಹೊತ್ತಿನ ಮೇಲೆ ಕೆಳಗಿನಿಂದ ಅಕ್ಕನ ದನಿ ಕೇಳಿಸಿತು. ಸುಮಾರು 'ನೀವು'ಗಳ ಅಡಿಯಲ್ಲಿ ವರ್ಷಗಟ್ಟಲೆ ಹೂತುಹೋಗಿದ್ದ, ತಂದೆ ತೀರಿದ ಮನೆಯ ಆ ಹಳೆಯ ದನಿ.

"ಸಾಕು ತಮ್ಮಾ, ನೀನೂ ಮಲಗು."

ಟಿಪ್ಪಣಿ ಮಡಚಿಟ್ಟು ಮಲಗಿದೆ.